ಮಕ್ಕಳಿಲ್ಲದವರ ಜನವರಿ

ಬಸ್ಸಿನಲ್ಲಿ ಕರೆಂಟು ಕಂಪನಿಯ ನೀಲಿ ಅಂಗಿ ತೊಟ್ಟ ಗಂಡಸೊಬ್ಬ ಎದ್ದು ನಿಂತು, ಸಿಲ್ವಾನಾಳ ಹೊಟ್ಟೆಯ ಕಡೆ ಒಂದು ಗಳಿಗೆ ನೋಡಿ, “ಕೂತ್ಕೊಳ್ಳಿ ಅಮ್ಮಾ” ಎಂದ. ಅವಳು ಬಸುರಿಯಾಗಿರಲಿಲ್ಲ. ಅಂದರೆ, ಈಗ ಆಗಿರಲಿಲ್ಲ. ಹಾಗೆಂದು ಹೇಳಿ ನಿಂತೇ ಇರಬಹುದಿತ್ತು. ಆದರೆ ಹೇಳಿದರೆ ಪಾಪ ಅವನ ಮುಖ ಕೆಂಪಾಗುತ್ತದೆ, ಸುತ್ತಲಿನವರು ತಿರುಗಿ ನೋಡುತ್ತಾರೆ, ಆಮೇಲೆ ಆಸ್ಪತ್ರೆಯ ಸ್ಟಾಪು ಬರುವವರೆಗೆ ಅವನೂ ಅವಳೂ ಒಬ್ಬರ ಕಣ್ಣನ್ನೊಬ್ಬರು ತಪ್ಪಿಸುತ್ತ ನೇತಾಡಬೇಕಾಗುತ್ತದೆ. ಅಷ್ಟೆಲ್ಲ ಮಾಡುವ ತ್ರಾಣ ಅವಳಲ್ಲಿರಲಿಲ್ಲ. ಕೂತಳು. ಕೂತ ಮೇಲೆ, ಕೂತದ್ದಕ್ಕೆ ತಕ್ಕ ಹಾಗೆ ಇರಲೆಂದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಇಟ್ಟಳು. ಇದೊಂದು ಕಳ್ಳತನ ಎನ್ನಿಸಿತು. ಇವತ್ತು ಗುರುವಾರ, ಹತ್ತು ಗಂಟೆಗೆ ಲ್ಯಾಬಿನ ಸಭೆ. ಹೋದ ಗುರುವಾರದ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದೂ ಇದೇ ಜಾತಿಯ ಕಳ್ಳತನ. ಎದ್ದು ಹೇಳುವುದಕ್ಕಿಂತ ಕೂತಿರುವುದು ಸುಲಭ, ಎಲ್ಲ ಕಾಲಕ್ಕೂ ಸುಲಭ, ಅದಕ್ಕೇ ಇರಬೇಕು ಮೊಂತೆವಿದೇಯೊದ ಜನ ಬಸ್ಸಿನಲ್ಲಿ ಸೀಟಿಗಾಗಿ ಹೀಗೆ ಕಾದಾಡುವುದು.

ಪಕ್ಕದ ಸೀಟಿನಾಕೆ ತಲೆಗೆ ಹಸಿರು ವಸ್ತ್ರವನ್ನು ಬಿಗಿಯಾಗಿ ಸುತ್ತಿದ್ದಳು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಯೆರ್ಬಾ ಚಹಾಸೊಪ್ಪು ತುಂಬಿದ ಸೋರೆಬುರುಡೆ. ಹುಬ್ಬಿನ ಕೂದಲು ಉದುರಿಹೋಗಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಬಸ್ಸಿನ ಕುಲುಕಾಟದಲ್ಲೇ ಬರೆದುಕೊಂಡಳೋ ಏನೋ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿತ್ತು. ಸಿಲ್ವಾನಾ ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಅವಳೇ ಮಾತು ತೆಗೆದಳು. “ನೀವು ಆಸ್ಪತ್ರೆ ಹಿಂದಿನ ಕಟ್ಟಡದವರಲ್ವಾ? ಲ್ಯಾಬಿನವರು? ಕ್ಯಾಂಟೀನಲ್ಲಿ ನೋಡಿದೀನಿ. ನಾಳೆ ನಿಮ್ಮ ಪ್ರೊಫೆಸರು ರೇಡಿಯೋದಲ್ಲಿ ಮಾರ್ಸೆಲಾ ಹೂವಿನ ವಿಷಯ ಮಾತಾಡ್ತಾರಂತೆ, ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದಾರೆ. ನಮ್ಮಕ್ಕ ಅಂತೂ ಶುಭ ಶುಕ್ರವಾರ ಬೆಟ್ಟಕ್ಕೆ ಹೋಗಿ ಒಂದು ಮೂಟೆ ಕಿತ್ಕೊಂಡೇ ಬರ್ತೀನಿ ಅಂತ ಕುಣೀತಿದಾಳೆ.” ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿಸಿ, “ಅದನ್ನ ಕುಡಿದ್ರೆ ಈ ಕೆಂಪು ಔಷಧಿ ಬಿಟ್ಬಿಡಬಹುದಾ? ನಿಜ ಹೇಳಿ. ನಂಗೆ ಸಾಕಾಗಿ ಹೋಗಿದೆ ಕಣ್ರೀ,” ಎಂದಳು. ಸಿಲ್ವಾನಾ, “ನಿಮ್ಮ ಡಾಕ್ಟರನ್ನೇ ಕೇಳಿ,” ಎಂದಳು. ಇನ್ನೇನು ಹೇಳುವುದು? “ಅವರೆಲ್ಲಿ ಹೇಳ್ತಾರೆ, ಅವರು ಕಂಪ್ಯೂಟರ್ ನೋಡ್ತಾ ಇರ್ತಾರೆ,” ಎಂದು ಆಕೆ ಸೋರೆಬುರುಡೆಗೆ ಬಿಸಿನೀರು ಹೊಯ್ದು, ತಾನು ಹೀರಿ, ಮತ್ತೆ ಹೊಯ್ದು ಸಿಲ್ವಾನಾಳ ಕಡೆ ಚಾಚಿದಳು. ಬೇಡ ಎನ್ನಲಾಗದೆ ಕುಡಿದಳು. ಕಹಿಯಾಗಿ, ಬಿಸಿಯಾಗಿ ಇಳಿಯಿತು. ಫೆಬ್ರವರಿಯಿಂದೀಚೆಗೆ ಯಾರದ್ದಾದರೂ ಮುಖ ನೋಡಿ ಅಳು ಬಂದದ್ದು ಅದೇ ಮೊದಲು, ಅದೂ ಹೆಸರು ಗೊತ್ತಿಲ್ಲದ ಹೆಂಗಸಿನ ಓರೆ ಹುಬ್ಬು ನೋಡಿ.

ಮಾರ್ಸೆಲಾ ಎಂದರೆ ಹೊಟ್ಟೆನೋವಿಗೆ ಅಜ್ಜಿಯರು ಕುದಿಸಿ ಕೊಡುವ ಹಳದಿ ಹೂ. ಶುಭ ಶುಕ್ರವಾರ ಹೊತ್ತು ಹುಟ್ಟುವ ಮುಂಚೆ ಕಿತ್ತರೆ ಮಾತ್ರ ಗುಣ ಎಂದು ದೇವರನ್ನು ನಂಬದವರೂ ನಂಬುತ್ತಾರೆ. ಸಿಲ್ವಾನಾಳ ಕಮ್ಯುನಿಸ್ಟ್ ಅಪ್ಪ ಕೂಡ ಆ ದಿನ ಮಾತ್ರ ಕತ್ತಲಲ್ಲೇ ಎದ್ದು ಮಕ್ಕಳನ್ನು ಎಬ್ಬಿಸುತ್ತಿದ್ದ. ಅಂಥ ಹೂವಿನ ರಸ, ಕ್ಯಾನ್ಸರಿನ ಔಷಧಿಗೆ ಬಗ್ಗದ ಜೀವಕೋಶಗಳನ್ನು ಮತ್ತೆ ಬಗ್ಗಿಸುತ್ತದೆ ಎಂದು ಅವಳ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ ಮೈತೆ ತೋರಿಸಿದ್ದಳು. ತೋರಿಸಿದ್ದಳು ಅಂದರೆ, ತೋರಿಸಿದ್ದೇನೆಂದು ಅವಳು ನಂಬಿದ್ದಳು, ಪ್ರೊಫೆಸರ್ ಮಿಲ್ಟನ್ ನಂಬಿದ್ದರು, ನಾಳೆ ದೇಶ ನಂಬಲಿತ್ತು. ನಂಬದವಳು ಒಬ್ಬಳೇ, ಅವಳು ಈಗ ಬಸ್ಸಿಳಿದು, ಕರೆಂಟು ಕಂಪನಿಯವನಿಗೆ ಇನ್ನೊಮ್ಮೆ ಥ್ಯಾಂಕ್ಸ್ ಹೇಳಿ, ಹಸಿರು ವಸ್ತ್ರದವಳಿಗಿಂತ ಮುಂದೆ ಹೋಗಲೆಂದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು.

ಮೈತೆಯ ಆ ಜೀವಕೋಶಗಳು ಅವಳು ಎರಡು ವರ್ಷ ಸಾಕಿ ಬೆಳೆಸಿದವು. ಎಂದೋ ಯಾವಳದೋ ಎದೆಯ ಗಡ್ಡೆಯಿಂದ ಬಂದು, ಲೋಕದ ಲ್ಯಾಬುಗಳಲ್ಲೆಲ್ಲ ಸಾಯದೆ ಬೆಳೆಯುತ್ತಿರುವ ಒಂದು ವಂಶ ಅದು. ಅದಕ್ಕೆ ಆ ಕೆಂಪು ಔಷಧಿಯನ್ನು ಮೊದಲು ಚೂರೇ ಚೂರು ಕೊಟ್ಟು, ಬದುಕಿದವನ್ನಷ್ಟೇ ಉಳಿಸಿಕೊಂಡು, ಸ್ವಲ್ಪ ಹೆಚ್ಚು ಕೊಟ್ಟು, ಮತ್ತೆ ಬದುಕಿದವನ್ನು ಉಳಿಸಿಕೊಂಡು, ಕೊನೆಗೆ ರೋಗಿಯ ಮೈಗೆ ಕೊಡುವಷ್ಟು ಸುರಿದರೂ ಜಗ್ಗದ ಹಾಗೆ ಮಾಡಿದ್ದಳು. ಅವುಗಳ ಜೀನುಗಳು ಬದಲಾಗಿರಲಿಲ್ಲ. ಇದ್ದ ಜೀನುಗಳಲ್ಲೇ ಒಂದು, ಮೊದಲು ಪಿಸುಗುಟ್ಟುತ್ತಿದ್ದದ್ದು, ಈಗ ಕೂಗತೊಡಗಿತ್ತು. ಅದು ಕೂಗಿದಷ್ಟೂ ಜೀವಕೋಶದ ಗೋಡೆಯಲ್ಲಿ ಪುಟ್ಟ ಪಂಪುಗಳು ಏಳುತ್ತಿದ್ದವು, ಒಳಗೆ ಬಂದ ಔಷಧಿಯನ್ನು ಬಂದ ಹಾಗೇ ಹೊರಗೆ ಚೆಲ್ಲುತ್ತಿದ್ದವು. ಆದರೆ ಒಂದು ಷರತ್ತು. ಔಷಧಿ ತಪ್ಪಬಾರದು. ಕೆಲವು ವಾರ ತಪ್ಪಿದರೆ ಅವಕ್ಕೆ ಭಯ ಹೋಗಿ, ಪಂಪು ಕಟ್ಟುವ ಶ್ರಮ ಯಾಕೆಂದು ಬಿಟ್ಟು, ಮೊದಲಿನಂತೆ ಮೆತ್ತಗಾಗುತ್ತವೆ. ಅದಕ್ಕೇ ಪ್ರತಿ ಸಲ ಆಹಾರ ಬದಲಿಸುವಾಗಲೂ ಅದರ ಜೊತೆ ಒಂದಿಷ್ಟು ಔಷಧಿ. ಮೈತೆ ಡಿಸೆಂಬರಿನಲ್ಲಿ ರಜಕ್ಕೆ ಹೊರಡುವ ಮುಂಚೆ ಇನ್‌ಕ್ಯುಬೇಟರಿನ ಬಾಗಿಲ ಮೇಲೆ ಹಳದಿ ಚೀಟಿ ಅಂಟಿಸಿದ್ದಳು: ನನ್ನ ಮಕ್ಕಳಿಗೆ ಔಷಧಿ ತಪ್ಪಿಸಬೇಡಿ. ಕೆಳಗೆ ನಗುವ ಮುಖ.

ಜನವರಿ ಎಂದರೆ ಉರುಗ್ವೆಯಲ್ಲಿ ಬೇಸಿಗೆ, ಊರಲ್ಲಿ ಯಾರೂ ಇರುವುದಿಲ್ಲ. ಶಾಲೆಗೆ ರಜ, ಕೋರ್ಟಿಗೆ ರಜ, ಬೀದಿನಾಯಿಗಳೂ ಸಮುದ್ರದ ಕಡೆ ಹೊರಟವೇನೋ ಎನ್ನುವ ಹಾಗೆ ಊರು ಖಾಲಿ. ಆದರೆ ಜೀವಕೋಶಗಳಿಗೆ ರಜವಿಲ್ಲ, ಯಾರಾದರೊಬ್ಬರು ಉಳಿದು ಎಲ್ಲರದ್ದಕ್ಕೂ ಉಣಿಸಬೇಕು. ಅವಳು ಲ್ಯಾಬಿಗೆ ಬಂದ ಎರಡನೆಯ ವರ್ಷವೋ ಮೂರನೆಯ ವರ್ಷವೋ ಸಹೋದ್ಯೋಗಿ ಆನಿಬಾಲ್, ಆಗಿನ್ನೂ ಅವನಿಗೆ ಮೊದಲ ಮಗು, “ನಮ್ಗೆ ಮಕ್ಕಳ ಶಾಲೆ ರಜ ಬಿಟ್ರೆ ಬೇರೆ ಟೈಮಿಲ್ಲ. ಸಿಲ್ವಾನಾಗೇನು, ಜನವರಿ ಆದ್ರೂ ಒಂದೇ ಜುಲೈ ಆದ್ರೂ ಒಂದೇ,” ಎಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದೇ ಅದರ ಕಷ್ಟ. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅಲ್ಲಿಂದಾಚೆ ಪ್ರತಿ ಜನವರಿ ಅವಳದ್ದೇ. ಮಿಲ್ಟನ್ ಅವಳನ್ನು “ನಮ್ಮ ಜನವರಿ ಮಾತೆ” ಎಂದು ಪರಿಚಯಿಸುತ್ತಿದ್ದರು, ಹೊರಗಿನವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅವಳ ಗಂಡ ರೂಬೆನ್ ಮಾತ್ರ ಒಂದು ವರ್ಷ ರೇಗಿ, “ಮಕ್ಕಳಿಲ್ಲ ಅನ್ನೋದಕ್ಕೆ ಅಲ್ಲಿ ಸಂಬಳ ಜಾಸ್ತಿ ಕೊಡ್ತಾರಾ? ಇಲ್ವಲ್ಲ, ಮತ್ತೆ?” ಎಂದಿದ್ದ.

ಈ ಜನವರಿ ಮಾತ್ರ, ಮಕ್ಕಳಿಗೆ ಉಡುಗೊರೆ ಕೊಡುವ ಮೂವರು ರಾಜರ ಹಬ್ಬದ ಮಾರನೆಯ ದಿನ, ಬೀದಿಯಲ್ಲಿ ಮಕ್ಕಳು ಹೊಸ ಸೈಕಲ್ ತುಳಿಯುತ್ತಿದ್ದ ಹೊತ್ತಿನಲ್ಲಿ, ಬಚ್ಚಲಮನೆಯಲ್ಲಿ ನಿಂತು ಅವಳು ಆ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಎರಡು ಗೆರೆ ನೋಡಿದ್ದಳು. ನಲವತ್ತೆರಡನೆಯ ವಯಸ್ಸಿಗೆ. ಡಾಕ್ಟರುಗಳು ಕೈ ತೊಳೆದುಕೊಂಡ ಮೇಲೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಉಸಿರೆತ್ತುವುದು ಬೇಡವೆಂದು ರೂಬೆನ್‌ನಿಂದ ಮಾತು ತೆಗೆದುಕೊಂಡಳು. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಕಾರ್ನಿವಲ್ ತಂಡದಲ್ಲಿ ಹಾಡುವವನು, ಅವನ ಸಂತೋಷಕ್ಕೆ ಹದಿನೇಳು ಜನರ ಕೋರಸ್ಸು ಬೇಕು. ಆದರೂ ಹೇಳಲಿಲ್ಲ, ಪಾಪ. ಮಾರನೆಯ ದಿನ ಲ್ಯಾಬಿಗೆ ಬಂದು, ಮೈತೆಯ ಫ್ಲಾಸ್ಕನ್ನು ಹೊರತೆಗೆದು, ಗಾಜಿನ ಗೂಡಿನ ಮುಂದೆ ಕೂತು, ಕೈಗವಸು ಹಾಕಿಕೊಂಡು, ಫ್ರಿಜ್ಜಿನಿಂದ ಔಷಧಿಯ ಸೀಸೆ ತೆಗೆಯಲು ಎದ್ದವಳು ಎದ್ದಲ್ಲೇ ನಿಂತಳು. ಗೋಡೆಯ ಮೇಲೆ ನಿಯಮವಿತ್ತು, ಗರ್ಭಿಣಿಯರು ಈ ಔಷಧಿಯನ್ನು ಮುಟ್ಟಕೂಡದು. ಆ ನಿಯಮ ಬೇರೆಯವರದ್ದು ಎಂದುಕೊಂಡೇ ಹದಿನೈದು ವರ್ಷ ಅದರ ಕೆಳಗೆ ಕೋಟು ನೇತುಹಾಕಿದ್ದಳು. ಇನ್ನೊಬ್ಬರಿಗೆ ಹೇಳೋಣವೆಂದರೆ ಇಡೀ ಮಹಡಿಯಲ್ಲಿ ಅವಳು, ಮತ್ತು ಕೆಳಗೆ ಫುಟ್‌ಬಾಲ್ ಕೇಳುತ್ತ ಕೂತ ಕಾವಲುಗಾರ. ಫೋನು ಮಾಡಿ ಯಾರನ್ನಾದರೂ ಕರೆಸಬಹುದಿತ್ತು, ಯಾಕೆಂದು ಕೇಳುತ್ತಿದ್ದರು. ಈ ಒಂದು ಸಲ, ಎಂದುಕೊಂಡು ಬರೀ ಆಹಾರ ಹಾಕಿ ಮುಚ್ಚಳ ತಿರುಗಿಸಿದಳು. ಆ ಆಹಾರ ಹೇಗೂ ಗುಲಾಬಿ ಬಣ್ಣದ್ದೇ, ಔಷಧಿ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ.

ಒಂದು ಸಲ ಆಮೇಲೆ ಎರಡಾಯಿತು. ಮುಂದಿನ ವಾರ ಹೇಳುತ್ತೇನೆ, ಮೂರು ತಿಂಗಳು ತುಂಬಿದ ದಿನ ಎಲ್ಲ ಒಟ್ಟಿಗೆ ಹೇಳಿ ಕ್ಷಮೆ ಕೇಳುತ್ತೇನೆ, ಆಗ ಯಾರು ತಾನೇ ಬೈಯುತ್ತಾರೆ, ಎಲ್ಲರೂ ಅಪ್ಪಿಕೊಳ್ಳುತ್ತಾರೆ. ಅವಳ ಮನಸ್ಸಿನಲ್ಲಿ ಆ ಅಪ್ಪುಗೆಗಳ ಸಾಲೇ ಸಿದ್ಧವಾಗಿತ್ತು, ಆನಿಬಾಲ್ ಮೊದಲು. ಮೈತೆ ಸಮುದ್ರತೀರದಿಂದ, ಆಮೇಲೆ ಜೀನುಗಳನ್ನು ಓದುವ ಯಂತ್ರ ಕಲಿಯಲು ಹೋದ ಸಾವೊ ಪಾವ್ಲೊದಿಂದ ಫೋನು ಮಾಡುತ್ತಿದ್ದಳು. “ನನ್ನ ಮಕ್ಕಳು ಹೇಗಿದಾರೆ?” “ಚೆನ್ನಾಗಿ ತಿಂತಿದಾರೆ,” ಎನ್ನುತ್ತಿದ್ದಳು ಸಿಲ್ವಾನಾ. “ಔಷಧಿ?” “ಅದೂ.” ಆ ‘ಅದೂ’ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತೆಂದರೆ ಅವಳಿಗೇ ಒಂದು ಬಗೆಯ ಸಂತೋಷವಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಬೇರೆಯವರ ಕೆಲಸಕ್ಕಿಂತ ಮುಖ್ಯವಾದದ್ದೊಂದು ಅವಳ ಹತ್ತಿರವಿತ್ತು, ಅದನ್ನು ಕಾಯಲು ಸುಳ್ಳು ಹೇಳುವುದೂ ಒಂದು ಸುಖವೇ.

ಈಗ, ಸಭೆಗೆ ಮುಂಚೆ, ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ಬಡಿಯಿತು. ಆ ಗಾಳಿಯ ವಾಸನೆ ಮೊದಲು ಅವಳಿಗೆ ಇಷ್ಟವಿತ್ತು. ಫ್ಲಾಸ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು: ಏನೂ ಆಗದ ಹಾಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿವೆ. ಡಿಸೆಂಬರಿನಲ್ಲಿ ಮೈತೆ ತನ್ನ ಜೀವಕೋಶಗಳನ್ನು ಎರಡು ಪಾಲು ಮಾಡಿದ್ದಳು. ಆಹಾರದಲ್ಲೇ ಮಾರ್ಸೆಲಾ ರಸ ಬೆರೆಸಿದ ಪಾಲು ಇಲ್ಲಿ, ಸಿಲ್ವಾನಾಳ ಸುಪರ್ದಿಯಲ್ಲಿ. ರಸ ಹಾಕದ ಪಾಲಿಗೆ ಇಲ್ಲಿ ಜಾಗ ಸಾಲದೆ ಮೇಲಿನ ಮಹಡಿಯವರ ಇನ್‌ಕ್ಯುಬೇಟರಿನಲ್ಲಿ; ಅಲ್ಲಿಯವರು ಹೇಳಿದ ಹಾಗೆ ತಪ್ಪದೆ ಔಷಧಿ ಹಾಕಿದ್ದರು. ಮೈತೆ ಕಾರ್ನಿವಲ್ ಮುಗಿಯುವ ಹೊತ್ತಿಗೆ ಬಂದು ಎರಡಕ್ಕೂ ಔಷಧಿಯನ್ನು ಜೋರಾಗಿ ಸುರಿದು ನೋಡಿದಾಗ ಮೇಲಿನವು ಬದುಕಿದವು, ಇಲ್ಲಿಯವು ರಾಶಿ ರಾಶಿ ಸತ್ತವು. ಪಂಪಿನ ಜೀನಿನ ಕೂಗು ಅಡಗಿಹೋಗಿತ್ತು. ಹೂವಿನ ಮಹಿಮೆ ಎಂದು ಮೈತೆ ಕಿರುಚಿ ಮಹಡಿಯನ್ನೇ ತಲೆಯ ಮೇಲೆ ಹೊತ್ತಳು. ಮಿಲ್ಟನ್ ಕಣ್ಣೊರೆಸಿಕೊಂಡರು, ನಿವೃತ್ತಿಗೆ ಎರಡು ವರ್ಷ, ನಮ್ಮದೇ ಬೆಟ್ಟದ ನಮ್ಮದೇ ಹೂ. ಆ ದಿನ ಸಿಲ್ವಾನಾಳ ಮಂಕು ಬುದ್ಧಿಗೆ ಏನೂ ಹೊಳೆಯಲಿಲ್ಲ. ಎರಡು ವಾರದ ಕೆಳಗೆ, ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಕೈಯಲ್ಲಿದ್ದ ಲೋಟದ ಮೇಲೆ ನೀರು ಬೀಳುತ್ತಿರುವಾಗಲೇ, ಹೂವಲ್ಲ ನಾನು ಎಂದು ಹೊಳೆಯಿತು. ಲೋಟವನ್ನು ತೊಳೆದು ಮುಗಿಸಿದಳು. ಉಳಿದ ಪಾತ್ರೆಗಳನ್ನೂ ತೊಳೆದಳು.

“ಆಂಟಿ, ಕನಸು ಕಾಣ್ತಿದೀರಾ?” ಎಂದು ಮೈತೆ ಹಿಂದಿನಿಂದ ಬಂದು ಭುಜ ಹಿಡಿದು ಅಲುಗಿಸಿದಳು. ಇಪ್ಪತ್ತೇಳರ ಹುಡುಗಿ, ಸಾವೊ ಪಾವ್ಲೊದಿಂದ ಬಂದಾಗಿನಿಂದ ಕಿವಿಗೆ ದೊಡ್ಡ ದೊಡ್ಡ ಮರದ ಓಲೆ. “ನೋಡಿ, ಇವತ್ತು ಹೊಸ ಚಿತ್ರ ತಂದಿದೀನಿ. ಮುನ್ನೂರು ಜೀನು ಬದಲಾಗಿದೆ, ಮುನ್ನೂರು! ಮಿಲ್ಟನ್ ನಾಳೆ ರೇಡಿಯೋದಲ್ಲಿ ನನ್ನ ಹೆಸರು ಹೇಳ್ತಾರಂತೆ. ನಮ್ಮಮ್ಮ ಊರಿಗೆಲ್ಲ ಫೋನು ಮಾಡಿದಾಳೆ.” ಸಿಲ್ವಾನಾ, “ಮೈತೆ, ಔಷಧಿ ಇಲ್ಲದೆ, ರಸಾನೂ ಇಲ್ಲದೆ, ಸುಮ್ನೆ ಒಂದಷ್ಟು ವಾರ ಬೆಳೆಸಿ ನೋಡಿದೀಯಾ?” ಎಂದಳು. ಎಷ್ಟು ಹೇಡಿತನದ ಪ್ರಶ್ನೆ ಎಂದು ಕೇಳುವಾಗಲೇ ಗೊತ್ತಿತ್ತು. “ಯಾಕೆ ನೋಡ್ಲಿ? ಔಷಧಿ ನಾವು ನಿಲ್ಸೇ ಇಲ್ವಲ್ಲ,” ಎಂದಳು ಮೈತೆ. ಆಮೇಲೆ ಕಣ್ಣು ಕಿರಿದು ಮಾಡಿ, “ನಿಮಗೆ ಖುಷಿ ಆಗಿಲ್ಲ ಅಲ್ವಾ? ಆನಿಬಾಲ್ ಹೇಳ್ದ. ಹೋದ ವಾರ ಸಭೇಲಿ ಎಲ್ಲಾ ಚಪ್ಪಾಳೆ ತಟ್ತಿದ್ರೆ ನೀವು ಪೆನ್ನಿನ ಕ್ಯಾಪು ಕಚ್ತಾ ಕೂತಿದ್ರಂತೆ,” ಎಂದಳು. ಹುಡುಗಿಯ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಡಾಕ್ಟರೇಟು ಮುಗಿಸಿ ಹತ್ತು ವರ್ಷ ಕಳೆದರೂ ಸಹಾಯಕಿಯಾಗಿಯೇ ಉಳಿದವಳ ಹೊಟ್ಟೆಕಿಚ್ಚು ಎಂದುಕೊಂಡಿದ್ದಾಳೆ. ಹಾಗೆಂದುಕೊಳ್ಳುವುದು ಸಹಜವೇ. ಹೊಟ್ಟೆಕಿಚ್ಚು ಇರಲಿಲ್ಲವೆಂದು ಸಿಲ್ವಾನಾಳೂ ಆಣೆ ಮಾಡಿ ಹೇಳಲಾರಳು.

ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಯಾಕೆಗೆ ಉತ್ತರ ರೂಬೆನ್‌ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅವನ ಜೊತೆಗೂ ಈಗ ಅದರ ಮಾತಿಲ್ಲ. ಅವತ್ತು, ಫೆಬ್ರವರಿಯ ಕೊನೆಯಲ್ಲಿ, ಶನಿವಾರ ಮಧ್ಯಾಹ್ನ, ಅವನು ಕ್ಲಬ್ಬಿನಲ್ಲಿ ಕುರ್ಚಿಯ ಮೇಲೆ ಕೂತು ರಾತ್ರಿಯ ಪ್ರದರ್ಶನಕ್ಕೆ ಮುಖ ಬರೆಸಿಕೊಳ್ಳುತ್ತಿದ್ದ. ಅವಳ ಫೋನು ಬಂದದ್ದೇ ಹಾಗೇ ಓಡಿಬಂದ, ಅರ್ಧ ಮುಖಕ್ಕೆ ಬಿಳಿ ಬಣ್ಣ, ಕಣ್ಣಿನ ಸುತ್ತ ನೇರಳೆ ನಕ್ಷತ್ರ, ಇನ್ನರ್ಧ ಬರೀ ರೂಬೆನ್. ತುರ್ತು ವಿಭಾಗದಲ್ಲಿ ಒಬ್ಬ ನರ್ಸು ಅವನನ್ನು ನೋಡಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಸಿಲ್ವಾನಾಳಿಗೂ ನಗು ಬಂದಿತ್ತು, ಹಾಸಿಗೆಯ ಮೇಲೆ ರಕ್ತದಲ್ಲಿ ಮಲಗಿ, ಗಂಡನ ಅರ್ಧ ಮುಖ ನೋಡಿ ನಕ್ಕಿದ್ದಳು, ಆಮೇಲೆ ಅವನು ಅಳತೊಡಗಿ ನಕ್ಷತ್ರ ಕರಗಿ ಅವಳ ದಿಂಬಿಗೆ ಹತ್ತಿತ್ತು. ಡಾಕ್ಟರು, “ಈ ವಯಸ್ಸಲ್ಲಿ ಇದು ಆಗುತ್ತೆ, ನಿಮ್ಮ ತಪ್ಪೇನಿಲ್ಲ,” ಎಂದಿದ್ದರು. ಆದರೆ ಡಿಸೆಂಬರಿನಲ್ಲಿ, ಗೊತ್ತಾಗುವುದಕ್ಕೆ ಮೊದಲು, ಅವಳು ಅದೇ ಔಷಧಿಯ ಪುಡಿ ತೂಗಿದ್ದಳು. ಎಡಗೈಯ ಗವಸು ತೋರುಬೆರಳ ಹತ್ತಿರ ಹರಿದಿತ್ತು. ತೂಗಿ ಮುಗಿಸಿದ ಮೇಲೆ ಬದಲಾಯಿಸಿದಳು, ಮೊದಲೇ ಬದಲಾಯಿಸಬಹುದಿತ್ತು, ಡಬ್ಬಿ ಎರಡು ಹೆಜ್ಜೆ ಆಚೆಗಿತ್ತು, ಸೋಮಾರಿತನ. ಅದರಿಂದ ಏನಾದರೂ ಆಗಿರಬಹುದೇ ಎಂದು ಆ ಡಾಕ್ಟರನ್ನು ಕೇಳಬೇಕೆಂದುಕೊಂಡು ಕೇಳಲಿಲ್ಲ. ಇಲ್ಲ ಎಂದರೆ ನಂಬುತ್ತಿರಲಿಲ್ಲ, ಹೌದು ಎಂದರೆ ಬದುಕುತ್ತಿರಲಿಲ್ಲ. ಜ್ವರ ಎಂದು ಹೇಳಿ ಮೂರು ದಿನ ಮನೆಯಲ್ಲಿದ್ದು ಬಂದಾಗ ಮೈತೆ ಸಾವೊ ಪಾವ್ಲೊದಿಂದ ಬಂದು ತನ್ನ ಫ್ಲಾಸ್ಕನ್ನು ತಾನೇ ನೋಡಿಕೊಳ್ಳತೊಡಗಿದ್ದಳು, ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದ ಕೈಗಳಿಂದ ಅವಳನ್ನು ತಬ್ಬಿ, “ನೀವಿಲ್ದಿದ್ರೆ ನಾನೇನು ಮಾಡ್ತಿದ್ದೆ,” ಎಂದಿದ್ದಳು.

ಸಭೆಗೆ ಮಿಲ್ಟನ್ ತಾವೇ ಬೇಕರಿಯಿಂದ ಬಿಸಿ ಬಿಸ್ಕೊಚೊಗಳ ಪೊಟ್ಟಣ ತಂದಿದ್ದರು. ಹೊಸ ಟೈ ಕಟ್ಟಿದ್ದರು, ರೇಡಿಯೋದಲ್ಲಿ ಟೈ ಕಾಣುವುದಿಲ್ಲವೆಂದು ಆನಿಬಾಲ್ ಕಾಲೆಳೆದಾಗ, “ದನಿಗೂ ಟೈ ಬೇಕಯ್ಯ, ನಿನಗೆಲ್ಲಿ ಗೊತ್ತಾಗ್ಬೇಕು,” ಎಂದರು. ಮೇಜಿನ ಸುತ್ತ ಸೋರೆಬುರುಡೆ ಕೈಯಿಂದ ಕೈಗೆ ಹೋಯಿತು. ಮೈತೆ ಪರದೆಯ ಮೇಲೆ ತನ್ನ ಚಿತ್ರ ಹಾಕಿದಳು, ಕೆಂಪು ಮತ್ತು ಹಸಿರು ಚುಕ್ಕಿಗಳ ದೊಡ್ಡ ರಾಶಿ. ಕೂಗುವ ಜೀನುಗಳು ಕೆಂಪು, ಸುಮ್ಮನಾದವು ಹಸಿರು. ಅವಳ ಬೆರಳು ಒಂದು ಹಸಿರು ಚುಕ್ಕಿಯ ಮೇಲೆ ಬಂದು ನಿಂತಾಗ ಮಿಲ್ಟನ್ ಮೇಜು ತಟ್ಟಿದರು. “ನಾಳೆ ನಾನು ಇಷ್ಟೇ ಹೇಳೋದು. ಆಸ್ಪತ್ರೆಗೆ ಬರೋ ನಮ್ಮ ಹೆಣ್ಮಕ್ಕಳಿಗೆ ಒಂದು ಆಸೆ ಇದೆ ಅಂತ. ಅಷ್ಟೇ. ಜಾಸ್ತಿ ಇಲ್ಲ.” ಓರೆ ಹುಬ್ಬು ಸಿಲ್ವಾನಾಳ ಕಣ್ಣಿಗೆ ಕಟ್ಟಿತು. ಅಷ್ಟೇ ಎಂದರೆ ಎಷ್ಟು ಎಂದು ಇವರಿಗೆ ಗೊತ್ತಿಲ್ಲ. ಆ ಅಕ್ಕ ಮೂಟೆ ತರುತ್ತಾಳೆ, ಇವಳು ಕುಡಿಯುತ್ತಾಳೆ, ಆಸ್ಪತ್ರೆಯಲ್ಲಿ ಕೆಂಪು ಔಷಧಿ ಏರಿಸುವ ಕುರ್ಚಿ ಖಾಲಿ ಬಿಡುತ್ತಾಳೆ. ಮಾತು ತೀರಾ ಸಣ್ಣದಾಗಿ ಹೊರಟಿತು, ಯಾರಿಗೂ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. “ಜನವರೀಲಿ ನಾನು ಔಷಧಿ ಹಾಕ್ಲಿಲ್ಲ.”

“ಏನಂದ್ರಿ?” ಎಂದರು ಮಿಲ್ಟನ್.

“ಈ ಫ್ಲಾಸ್ಕಿಗೆ. ಬರೀ ಆಹಾರ ಹಾಕ್ತಿದ್ದೆ. ಔಷಧಿ ಹಾಕ್ಲಿಲ್ಲ. ಫೆಬ್ರವರೀಲೂ ಹಾಕ್ಲಿಲ್ಲ. ಹೂವಿಂದ ಆಗಿದ್ದಲ್ಲ ಇದು.”

ಆನಿಬಾಲ್ ಬಾಯಲ್ಲಿದ್ದ ಬಿಸ್ಕೊಚೊ ಅಗಿಯುವುದನ್ನು ನಿಲ್ಲಿಸಿ, ನುಂಗಲೂ ಆಗದೆ ಕೂತ. ಮಿಲ್ಟನ್ ಟೈ ಸಡಿಲಿಸಿದರು. ಅವರ ಮುಖ ಒಂದೇ ಗಳಿಗೆಯಲ್ಲಿ ಎರಡು ವರ್ಷ ದಾಟಿ ನಿವೃತ್ತಿ ಹೊಂದಿದ ಹಾಗೆ ಕಂಡಿತು. “ಯಾಕೆ?” ಎಂದರು. ಬಂತು. ಬರುತ್ತದೆಂದು ಗೊತ್ತಿದ್ದದ್ದೇ. “ಮರೆತೆ,” ಎಂದಳು ಸಿಲ್ವಾನಾ. “ಮರೆತ್ರಾ? ನೀವು?” “ಹೌದು.” “ಬಾಗಿಲ ಮೇಲೆ ಚೀಟಿ ಇತ್ತಲ್ಲ ಮಾರಾಯ್ತಿ, ಇಷ್ಟು ದೊಡ್ಡದು,” ಎಂದು ಆನಿಬಾಲ್ ಕೈ ಅಗಲಿಸಿ ತೋರಿಸಿದ, ಚೀಟಿ ಅಷ್ಟೇನೂ ದೊಡ್ಡದಿರಲಿಲ್ಲ. “ಕಣ್ಣಿಗೆ ಬೀಳ್ಲಿಲ್ಲ,” ಎಂದಳು. ಸುಳ್ಳು ಹೇಳಿದಷ್ಟೂ ಹಗುರಾಗುತ್ತಿತ್ತು. ಮರೆಗುಳಿ, ಸೋಮಾರಿ, ಹೊಟ್ಟೆಕಿಚ್ಚಿನವಳು, ಯಾವುದಾದರೂ ಆಗಬಹುದು, ಇವರು ಕೊಟ್ಟದ್ದನ್ನು ತೊಟ್ಟುಕೊಂಡು ಮನೆಗೆ ಹೋಗಬಹುದು. ಮರೆಯುವುದೇ ಒಳ್ಳೆಯದು, ಅವಳಿಗೆ ಬೇಕಾದದ್ದೂ ಅದೇ ಅಲ್ಲವೇ.

ಮೈತೆ ಎದ್ದು ನಿಂತಿದ್ದಳು. ಪರದೆಯ ಕೆಂಪು ಹಸಿರು ಚುಕ್ಕಿಗಳು ಅವಳ ಮುಖದ ಮೇಲೂ ಬಿದ್ದಿದ್ದವು. “ನಾನು ಪ್ರತಿ ವಾರ ಫೋನು ಮಾಡ್ದೆ. ಪ್ರತಿ ವಾರ. ಅದೂ ಹಾಕಿದೀನಿ ಅಂದ್ರಿ. ಮರೆತವರು ಹಾಗೆ ಹೇಳ್ತಾರಾ?” ದನಿ ಒಡೆಯಿತು. “ಎರಡು ವರ್ಷ ಅವನ್ನ ಬೆಳೆಸ್ದೆ ನಾನು. ಭಾನುವಾರ ಬಂದೆ, ಹಬ್ಬದ ದಿನ ಬಂದೆ, ಜ್ವರ ಬಂದಾಗ್ಲೂ ಬಂದೆ. ನಿಮಗೆಲ್ಲಿ ಅರ್ಥ ಆಗುತ್ತೆ? ನೀವು ಒಂದನ್ನ ಹೊತ್ತು ಸಾಕಿದ್ರೆ ತಾನೆ ಗೊತ್ತಾಗೋದು.” “ಮೈತೆ,” ಎಂದರು ಮಿಲ್ಟನ್, ಗದರಿಸುವ ದನಿಯಲ್ಲಿ, ಆದರೆ ಮಾತು ಆಗಲೇ ಮೇಜಿನ ಮೇಲೆ ಬಿದ್ದಾಗಿತ್ತು. ಹುಡುಗಿಗೂ ಅದು ಗೊತ್ತಾಗಿ ಬಾಯಿಗೆ ಕೈ ಅಡ್ಡ ಇಟ್ಟಳು.

ಸಿಟ್ಟು ಬರಬಹುದೆಂದು ಸಿಲ್ವಾನಾ ಕಾದಳು. ಬರಲಿಲ್ಲ. ಬಹಳ ದಣಿವಾಯಿತು, ಅಷ್ಟೇ. ಯಾವುದನ್ನೂ ಹಿಡಿದುಕೊಂಡಿರಲು ಆಗದಷ್ಟು ದಣಿವು. “ನಾನು ಬಸುರಿಯಾಗಿದ್ದೆ,” ಎಂದಳು. “ಅದಕ್ಕೆ ಆ ಔಷಧಿ ಮುಟ್ಲಿಲ್ಲ. ನಿಮಗೆ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ಆಮೇಲೆ ಹೋಯ್ತು. ಆಮೇಲೆ ಹೇಳೋಕೆ ಏನೂ ಇರ್ಲಿಲ್ಲ.” ತಾನು ಅಳುತ್ತಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು. ಆನಿಬಾಲ್ ತಲೆ ತಗ್ಗಿಸಿ ಮೇಜಿನ ಮೇಲೆ ಬಿದ್ದ ಸಕ್ಕರೆಯ ಹರಳುಗಳನ್ನು ಬೆರಳಿನಿಂದ ಒಟ್ಟುಮಾಡತೊಡಗಿದ. ಮೂರು ಮಕ್ಕಳ ತಂದೆ, ಕೆಟ್ಟ ಮನುಷ್ಯನಲ್ಲ. ಮೈತೆ ಕುರ್ಚಿ ಎಳೆದುಕೊಳ್ಳದೆ ಅವಳ ಪಕ್ಕ ಬಂದು ನಿಂತಳು, ಮುಟ್ಟಲೋ ಬೇಡವೋ ಎಂದು ಗೊತ್ತಾಗದೆ, ಕೊನೆಗೆ ಅವಳ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

ಮಿಲ್ಟನ್ ಫೋನು ತೆಗೆದು ರೇಡಿಯೋದವರಿಗೆ, “ನಾಳೆ ಬರೋಕಾಗಲ್ಲ. ಇಲ್ಲ, ಹುಷಾರಾಗಿದೀನಿ. ಹೂವಿನ ವಿಷಯ ತಪ್ಪಾಗಿದೆ. ಅದನ್ನೇ ಹೇಳಿ, ತಪ್ಪಾಗಿದೆ ಅಂತಾನೇ ಹೇಳಿ, ಇವತ್ತೇ,” ಎಂದು ಹೇಳಿ ಇಟ್ಟರು. ಮೇಜಿನ ಸುತ್ತ ಕೂತವರು ಹೊರಡಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದರು. ಮಿಲ್ಟನ್‌ಗೂ ತಿಳಿದಂತೆ ಕಾಣಲಿಲ್ಲ. ಎದ್ದು ಬಿಳಿ ಹಲಗೆಯ ಹತ್ತಿರ ಹೋದರು, ನಲವತ್ತು ವರ್ಷದಿಂದ ಏನೂ ತೋಚದಿದ್ದಾಗ ಅವರು ಹೋಗುತ್ತಿದ್ದದ್ದು ಅಲ್ಲಿಗೇ. “ಇದು ಮತ್ತೆ ಮಾಡ್ಬೇಕಾಗುತ್ತೆ,” ಎಂದರು ಹಲಗೆಯ ಕಡೆ ಮುಖ ಮಾಡಿಕೊಂಡೇ. “ಹೂವಿಲ್ಲದೆ, ಔಷಧಿ ಇಲ್ಲದೆ. ಎಷ್ಟು ದಿನಕ್ಕೆ ಅವು ಮರೀತಾವೆ ಅಂತ. ಮೈತೆ ಥೀಸಿಸ್ಸಿಗೆ ಅದಾದ್ರೂ ಉಳಿಯುತ್ತೆ.” ಪೆನ್ನಿನ ಕ್ಯಾಪು ತೆಗೆದರು. ಎಷ್ಟು ವಾರ ಔಷಧಿ ತಪ್ಪಿತ್ತೆಂದು ಕೇಳಲಾರದೆ ಪೆನ್ನಿನ ತುದಿಯನ್ನು ಹಲಗೆಗೆ ಊರಿದರು.

“ಏಳು ವಾರ,” ಎಂದಳು ಸಿಲ್ವಾನಾ.

ಅವರು ತಿರುಗಿ ಅವಳನ್ನು ನೋಡಿದರು. ಆ ಮುದುಕನ ಕಣ್ಣು ತುಂಬಿತ್ತು. “ಸುಮಾರು ಅಂತ ಬರೀಲಾ?”

“ಬೇಡ,” ಎಂದಳು. “ಏಳು ಅಂತಲೇ ಬರೀರಿ. ಗೊತ್ತಾದ ಮೇಲೆ ಅಷ್ಟೇ ದಿನ ಇದ್ದದ್ದು.”

ಅವರು ಬರೆದರು.